ಪ್ರೇಮಲೀಲಾಳ ಎಡಗೈ

ಹೆಡ್ ಕಾನ್‌ಸ್ಟೇಬಲ್ ಪ್ರೇಮಲೀಲಾ ನನಗೆ ಒಂದು ಚಪ್ಪಲಿ ಬಾಕಿ ಇದ್ದಾಳೆ. ಜೋಡಿ ಕೇಳುತ್ತಿಲ್ಲ, ಒಂದೇ ಸಾಕು, ಬಲಗಾಲಿನದು. ಊದಿನಕಡ್ಡಿ ಹೊಸೆಯುವ ಹೆಂಗಸರ ಧರಣಿಯಲ್ಲಿ ನನ್ನನ್ನು ಪೊಲೀಸ್ ವ್ಯಾನಿಗೆ ಹತ್ತಿಸುವಾಗ ಅದು ರಸ್ತೆಯಲ್ಲೇ ಉಳಿಯಿತು. ಸಂಜೆ ಬಿಟ್ಟಾಗ ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು ಮಾಡಿಕೊಂಡು ಮೈಸೂರಿನ ಅಗ್ರಹಾರದ ನನ್ನ ಮನೆಯ ತನಕ ನಡೆದೆ. ಕೇಳಿದಾಗಲೆಲ್ಲ ಕೊಡಿಸ್ತೀನಿ ಬುಡಿ ಅನ್ನುತ್ತಾಳೆ. ಇನ್ನೂ ಕೊಡಿಸಿಲ್ಲ.

ಎತ್ತುವುದು ಅವರಿಗೆ ಹೊಸದಲ್ಲ, ಎತ್ತಿಸಿಕೊಳ್ಳುವುದು ನಮಗೆ ಹೊಸದಲ್ಲ. ಧರಣಿಗೆ ಕೂತವರು ಪೊಲೀಸರು ಹತ್ತಿರ ಬಂದ ಕೂಡಲೇ ಮೈ ಬಿಡುತ್ತೇವೆ. ಕೈಕಾಲು ಸಡಿಲ ಮಾಡಿ ನೀರು ಕುಡಿದ ಗೋಣಿಚೀಲದ ಹಾಗೆ ಬಿದ್ದುಕೊಂಡರೆ ಕಡ್ಡಿಯಂಥ ಹೆಂಗಸೂ ನಾಲ್ಕು ಜನಕ್ಕೆ ಭಾರ. ಆವತ್ತು ನನ್ನ ಕಂಕುಳಿಗೆ ಕೈ ಹಾಕಿದವಳು ಪ್ರೇಮಲೀಲಾ. ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ, "ಚಿಕ್ಕಮ್ಮ, ಮೈ ಬುಡ್ಬೇಡಿ. ನನ್ನ ಸೊಂಟ ಓಗ್ಬುಟ್ಟದೆ," ಅಂದಳು. ಮುಖ ನೋಡಿದೆ, ನಾಟಕ ಆಡುತ್ತಿರಲಿಲ್ಲ. ತುಟಿ ಕಚ್ಚಿಕೊಂಡಿದ್ದಳು. ನಾನು ಕಾಲೂರಿ ನಡೆದು ವ್ಯಾನ್ ಹತ್ತಿದೆ. ಆ ಗಡಿಬಿಡಿಯಲ್ಲಿ ಹೋದದ್ದು ಚಪ್ಪಲಿ.

ಈ ಪ್ರೇಮಲೀಲಾ ಕುಂಬಾರಕೊಪ್ಪಲಿನ ಪುಟ್ಟತಾಯಮ್ಮನ ಮಗಳು. ಪುಟ್ಟತಾಯಮ್ಮ ಊದಿನಕಡ್ಡಿ ಹೆಂಗಸರ ನಮ್ಮ ಸಂಘ ಹುಟ್ಟಿದ ದಿನದಿಂದ ಇದ್ದವಳು. ಸಭೆಗೆ ಬೈದುಕೊಂಡೇ ಬರುತ್ತಾಳೆ, ಬೈದುಕೊಂಡೇ ಎಲ್ಲರಿಗಿಂತ ಕೊನೆಗೆ ಹೋಗುತ್ತಾಳೆ. ಗಂಡ ಬೇಗ ಸತ್ತ. ತಾಯಿ ಮಗಳು ಜಗಲಿಯ ಮೇಲೆ ಮಣೆ ಹಾಕಿಕೊಂಡು ಕೂತು ಊದಿನಕಡ್ಡಿ ಹೊಸೆದು ಬದುಕಿದರು. ಇದ್ದಿಲ ಪುಡಿಗೆ ಜಿಗಟು ಬೆರೆಸಿ ನೀರು ಹಾಕಿ ಕಲಸುತ್ತಾರೆ. ಜಿಗಟು ಅಂದರೆ ಒಂದು ಮರದ ತೊಗಟೆಯ ಪುಡಿ, ಅಂಟಿನ ಕೆಲಸ ಮಾಡುವುದು ಅದೇ. ಆ ಕರೀ ಹಿಟ್ಟನ್ನು ಚೂರು ಮಣೆಯ ಮೇಲಿಟ್ಟು, ಬಿದಿರು ಕಡ್ಡಿಯ ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲ ಅಂಗೈಯಿಂದ ಒತ್ತಿ ಉರುಳಿಸಿದರೆ ಹಿಟ್ಟು ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಪ್ರೇಮಲೀಲಾ ಲಂಗ ಉಡುವ ವಯಸ್ಸಿನಿಂದ ಪೊಲೀಸ್ ಕೆಲಸ ಸಿಗುವ ತನಕ ದಿನವೂ ಇದೇ ಮಾಡಿದಳು. ಈಗಲೂ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ತಾಯಿಯ ಎದುರು ಕೂತು ಒಂದಷ್ಟು ಹೊಸೆದು ಹೋಗುತ್ತಾಳೆ. ಆರ್ಡರ್ ಮುಗಿಯಬೇಕಲ್ಲ.

ಕಡ್ಡಿ ಹೊಸೆದ ಅಂಗೈಯನ್ನು ನೀವು ಮುಟ್ಟಿ ನೋಡಿರಲಿಕ್ಕಿಲ್ಲ. ನಮ್ಮ ಸಂಘದ ಹೆಂಗಸರದ್ದು ಮುಟ್ಟಿ ನೋಡಿ. ತೊಳೆದ ಕಡಪಾ ಕಲ್ಲಿನ ಹಾಗೆ ನುಣ್ಣಗಿರುತ್ತದೆ, ಗೆರೆ ಇರುವುದಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ನಮ್ಮ ಅರ್ಧ ಸಂಘವನ್ನು ಗುರುತು ಹಿಡಿಯುವುದಿಲ್ಲ. ಪ್ರೇಮಲೀಲಾಳ ಬಲಗೈಯೂ ಹಾಗೇ. ಠಾಣೆಯ ಹಾಜರಿಗೆ ಅವಳು ಎಡ ಹೆಬ್ಬೆರಳು ಒತ್ತುತ್ತಾಳೆ.

ಪೊಲೀಸ್ ಆದ ಮೇಲೆ ಅವಳಿಗೆ ಸಿಕ್ಕಿದ್ದು ಬಹುಪಾಲು ಬಂದೋಬಸ್ತ್. ದಸರಾದಲ್ಲಿ ಹಗ್ಗ ಹಿಡಿದು ನಿಲ್ಲುವುದು, ಉಳಿದ ದಿನ ನಮ್ಮಂಥವರನ್ನು ಎತ್ತಿ ವ್ಯಾನಿಗೆ ತುಂಬುವುದು. ಹೆಂಗಸರನ್ನು ಹೆಂಗಸರೇ ಎತ್ತಬೇಕು ಎಂಬುದು ನಾವೇ ಜಗಳ ಆಡಿ ಮಾಡಿಸಿಕೊಂಡ ಪದ್ಧತಿ, ಅದು ಸರಿಯೇ. ಆದರೆ ಎತ್ತಲು ಇರುವವರು ಕೈಬೆರಳೆಣಿಕೆ. ಹದಿನೆಂಟು ವರ್ಷ ಎತ್ತಿ ಎತ್ತಿ ಅವಳ ಸೊಂಟದ ಬಿಲ್ಲೆ, ಅಂದರೆ ಡಿಸ್ಕ್, ಜಾರಿತು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: ಇನ್ನೊಂದು ಸಲ ಜಾರಿದರೆ ಆಪರೇಷನ್, ಆಮೇಲೆ ಎಡಗಾಲು ಸ್ವಾಧೀನದಲ್ಲಿ ಇರುತ್ತದೆ ಎಂದು ನಾನು ಬರೆದುಕೊಡಲಾರೆ.

ಆಗ ಒಂದು ದಾರಿ ತೆರೆಯಿತು. ಒಬ್ಬ ಮಹಿಳಾ ನ್ಯಾಯಾಧೀಶರ ರಕ್ಷಣೆಗೆ ಹೆಣ್ಣು ಪೊಲೀಸ್ ಬೇಕಿತ್ತು. ಪೊಲೀಸರ ಬಾಯಲ್ಲಿ ಆ ಕೆಲಸದ ಹೆಸರು ಗನ್‌ಮ್ಯಾನ್ ಡ್ಯೂಟಿ, ಮಾಡುವವರು ಹೆಂಗಸಾದರೂ ಅದೇ ಹೆಸರು. ಕಾರಿನಲ್ಲಿ ಮುಂದೆ ಕೂರಬೇಕು, ಕೋರ್ಟಿನ ಬಾಗಿಲಲ್ಲಿ ನಿಲ್ಲಬೇಕು, ಎತ್ತುವುದು ಏನೂ ಇಲ್ಲ. ಆದರೆ ಸೊಂಟದಲ್ಲಿ ಪಿಸ್ತೂಲು ಇರಬೇಕು, ಅದರಲ್ಲಿ ಗುರಿ ಹೊಡೆದು ಪಾಸಾಗಬೇಕು. ಎರಡು ಅವಕಾಶ ಕೊಡುತ್ತಾರೆ. ಎರಡರಲ್ಲೂ ತಪ್ಪಿದವರು ವಾಪಸ್ ಬಂದೋಬಸ್ತಿಗೆ. ಪ್ರೇಮಲೀಲಾಳ ಲೆಕ್ಕದಲ್ಲಿ ಅದು ಪಿಸ್ತೂಲಿನ ಪರೀಕ್ಷೆ ಆಗಿರಲಿಲ್ಲ, ಎಡಗಾಲಿನ ಪರೀಕ್ಷೆ ಆಗಿತ್ತು.

ಮೊದಲನೆಯದರಲ್ಲಿ ತಪ್ಪಿದಳು.

ಗುಂಡು ಹೊಡೆಯುವ ರೇಂಜ್ ಇರುವುದು ಇಲವಾಲ ದಾಟಿ. ಅಲ್ಲಿ ವರ್ಷಕ್ಕೊಮ್ಮೆ ರೈಫಲ್ ಹೊಡೆದು ಅವಳಿಗೆ ಅಭ್ಯಾಸ ಇತ್ತು. ರೈಫಲ್ಲಿಗೆ ಹೆಗಲಿನ ಆಸರೆ ಇದೆ. ಪಿಸ್ತೂಲಿಗೆ ಅಂಗೈ ಬಿಟ್ಟರೆ ಬೇರೆ ಆಸರೆ ಇಲ್ಲ. ನಿಧಾನವಾಗಿ ಒಂದೊಂದೇ ಹೊಡೆಯುವ ಸುತ್ತಿನಲ್ಲಿ ಪರವಾಗಿಲ್ಲ ಅನಿಸಿಕೊಂಡಳು. ಬೇಗ ಬೇಗ ಹೊಡೆಯುವ ಸುತ್ತು ಬಂದಾಗ ಕೆಟ್ಟಿತು. ಪ್ರತಿ ಗುಂಡಿಗೂ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಒದ್ದಾಗಲೆಲ್ಲ ಅದು ಅವಳ ಬಲ ಅಂಗೈಯಲ್ಲಿ ಹಿಡಿದ ಮೀನಿನ ಹಾಗೆ ಜರುಗಿತು. ಸರಿ ಮಾಡಿ ಹಿಡಿದುಕೊಳ್ಳುವ ಹೊತ್ತಿಗೆ ಸಮಯ ಮುಗಿದು ಸೀಟಿ ಊದಿದರು. ಮ್ಯಾಗಜೀನಿನಲ್ಲಿ ಗುಂಡು ಉಳಿದಿತ್ತು. ಹೊಡೆದವುಗಳಲ್ಲಿ ಎರಡು ಗುರಿಯ ಹಲಗೆಯನ್ನೇ ಮುಟ್ಟಿರಲಿಲ್ಲ. ಆ ಪಿಸ್ತೂಲಿನ ಹಿಡಿ ದಪ್ಪ, ಅವಳ ಬೆರಳು ಗಿಡ್ಡ. ಯಾವುದೋ ದೊಡ್ಡ ಕೈಯವನ ಅಳತೆಗೆ ಮಾಡಿದ್ದು. ತರಬೇತಿ ಕೊಡುತ್ತಿದ್ದ ಸಬ್ ಇನ್‌ಸ್ಪೆಕ್ಟರ್ ಅಮರೇಶ್ ಒಳ್ಳೆಯ ಹುಡುಗ, ತಾಳ್ಮೆ ಇದ್ದವನು. ಮೊದಲ ದಿನದಿಂದ ಒಂದೇ ಮಾತು ಹೇಳಿದ್ದ: "ಎಡಗೈ ಬಿಗಿ ಮಾಡ್ರಮ್ಮ. ಬಲಗೈ ಟ್ರಿಗರ್ ನೋಡಿಕೊಳ್ಲಿ, ಹಿಡಿಯೋ ಕೆಲಸ ಎಡಗೈದು." ಅವಳು ಎಸ್ ಸರ್ ಅಂದಿದ್ದಳು. ಬಿಗಿ ಮಾಡಿದ್ದೇನೆ ಎಂದೇ ಅವಳು ತಿಳಿದಿದ್ದಳು.

ಎರಡನೇ ಅವಕಾಶಕ್ಕೆ ಮೂರು ವಾರ ಇತ್ತು. ತನ್ನ ಬಲಗೈಗೆ ಹಿಡಿತ ಇಲ್ಲ, ಇಲ್ಲದ ಹಿಡಿತವನ್ನು ಹೊರಗಿನಿಂದ ತರಬೇಕು ಎಂದು ತೀರ್ಮಾನ ಮಾಡಿ ಅವಳು ಒಂದೊಂದೇ ಉಪಾಯ ಹುಡುಕಲು ಹೊರಟಳು. ಸರ್ಕಾರಿ ಪಿಸ್ತೂಲು ಮನೆಗೆ ತರುವ ಹಾಗಿಲ್ಲ, ಅದರ ಹಿಡಿ ಕೆತ್ತಿ ಸಣ್ಣದು ಮಾಡುವ ಹಾಗಿಲ್ಲ, ಮೊಳೆ ಹೊಡೆಯುವ ಹಾಗಿಲ್ಲ. ಬೆಳಿಗ್ಗೆ ಶಸ್ತ್ರಾಗಾರದಲ್ಲಿ ಈಸಿಕೊಂಡು ಸಂಜೆ ವಾಪಸ್ ಕೊಡಬೇಕು. ನಾಳೆ ಅದೇ ಪಿಸ್ತೂಲು ಇನ್ನೊಬ್ಬರ ಕೈಗೆ ಹೋಗುತ್ತದೆ. ಶಸ್ತ್ರಾಗಾರ ನೋಡಿಕೊಳ್ಳುವ ಸಿದ್ದಮಲ್ಲಪ್ಪ ಹಣೆ ತುಂಬ ವಿಭೂತಿ ಇಟ್ಟ ಹಿರಿಯ. ಬಂದೂಕುಗಳನ್ನು ಹಟ್ಟಿಯ ದನದ ಹಾಗೆ ಮೈ ಸವರಿ ಮಾತಾಡಿಸುವ ಮನುಷ್ಯ. ಪ್ರೇಮಲೀಲಾ ಒಂದು ನೂಲು ತಗೊಂಡು ಹೋಗಿ ಪಿಸ್ತೂಲಿನ ಹಿಡಿಗೆ ಸುತ್ತಿ ಅಳತೆ ತೆಗೆಯುವಾಗ, ಏನವ್ವ, ಇದಕ್ಕೂ ಜಾಕೀಟು ಹೊಲಿಸ್ತೀಯಾ ಎಂದು ಕೇಳಿದನಂತೆ.

ಮನೆಯಲ್ಲಿ ಹಿಡಿದು ಅಭ್ಯಾಸ ಮಾಡಲು ಆ ನೂಲಿನ ಅಳತೆಗೆ ಅವಳ ಗಂಡ ಲೋಕೇಶ ಮರದ ತುಂಡೊಂದನ್ನು ಕೆತ್ತಿಕೊಟ್ಟ. ಲೋಕೇಶನದು ಅಗ್ರಹಾರದಲ್ಲಿ ಸೈಕಲ್ ಅಂಗಡಿ, ನನ್ನ ಮನೆಯಿಂದ ನಾಲ್ಕು ಹೆಜ್ಜೆ. ಹಾಗಾಗಿ ಮುಂದಿನದ್ದೆಲ್ಲ ನನಗೆ ದಿನದ ದಿನದ ಸುದ್ದಿ. ಲೋಕೇಶನಿಗೆ ಜಗತ್ತಿನ ಯಾವ ತೊಂದರೆಗೂ ಸೈಕಲ್ ಟ್ಯೂಬೇ ಪರಿಹಾರ. ಹಳೇ ಟ್ಯೂಬು ಕತ್ತರಿಸಿ ಸೋಪಿನ ನೀರು ಹಚ್ಚಿ ಆ ಮರದ ಹಿಡಿಗೆ ಕಾಲುಚೀಲದ ಹಾಗೆ ಏರಿಸಿದ. ಹಿಡಿದು ನೋಡಿದರೆ ಕಲ್ಲಿನ ಹಾಗೆ ಕಚ್ಚಿ ನಿಂತಿತು. ಅವಳು ಖುಷಿಯಾಗಿ ಆ ಟ್ಯೂಬನ್ನೇ ರೇಂಜಿಗೆ ಒಯ್ದಳು, ಅಮರೇಶನ ಒಪ್ಪಿಗೆ ಪಡೆದು ಪಿಸ್ತೂಲಿಗೆ ಏರಿಸಿದಳು. ಜಾರುವುದು ನಿಂತಿತು. ಆದರೆ ಮೊದಲೇ ದಪ್ಪ ಇದ್ದ ಹಿಡಿ ಇನ್ನೂ ದಪ್ಪವಾಯಿತು. ಟ್ರಿಗರ್‌ಗೆ ಬೆರಳಿನ ತುದಿ ಮಾತ್ರ ಎಟುಕುತ್ತಿತ್ತು. ತುದಿಯಲ್ಲಿ ಎಳೆದಾಗಲೆಲ್ಲ ಮೂತಿ ಎಡಕ್ಕೆ ವಾಲಿ ಗುಂಡುಗಳೆಲ್ಲ ಹಲಗೆಯ ಎಡ ಅಂಚಿಗೆ ಹೋಗಿ ಸೇರಿದವು. ಮನೆಗೆ ಬಂದು ಟ್ಯೂಬನ್ನು ಗಂಡನ ಮುಂದೆ ಎಸೆದಳು. ಅವನು, ತೆಳ್ಳಗಿನ ಟ್ಯೂಬು ನೋಡ್ತೀನಿ ತಡಿ, ಅಂದ.

ಆಮೇಲೆ ಜಿಮ್ಮಿನವರು ಕೈಗೆ ಹಚ್ಚಿಕೊಳ್ಳುವ ಬಿಳೀ ಪುಡಿ. ಬೆವರುವ ಕೈಗೆ ಅದು ಒಳ್ಳೆಯದಂತೆ. ಗೆರೆ ಇರುವ ಚರ್ಮದಲ್ಲಿ ಅದು ಹೋಗಿ ಕೂರುತ್ತದೆ, ಇವಳ ನುಣ್ಣನೆಯ ಅಂಗೈಯಲ್ಲಿ ಕೂರಲು ಜಾಗವೇ ಇಲ್ಲ. ಕೇರಂ ಬೋರ್ಡಿಗೆ ಪೌಡರು ಹಾಕಿದ ಹಾಗಾಯಿತು, ಮೊದಲಿಗಿಂತ ಹೆಚ್ಚು ಜಾರಿತು. ಅದೂ ಬಿಟ್ಟಳು.

ಮೂರನೆಯದು ಮೆಟ್ಟಿಲಿಗೆ ಜಾರದಿರಲಿ ಎಂದು ಅಂಟಿಸುವ ಮರಳು ಕಾಗದದಂಥ ಪಟ್ಟಿ. ಅದು ಕಚ್ಚುತ್ತದೆ, ನಿಜ. ಒಂದು ಸಂಜೆ ಅಭ್ಯಾಸ ಮಾಡಿದ್ದಕ್ಕೆ ಹೆಬ್ಬೆರಳಿನ ಬುಡದ ಚರ್ಮವನ್ನು ಎಬ್ಬಿಸಿ ಹಾಕಿತು. ಇದ್ದ ಸ್ವಲ್ಪ ಚರ್ಮವೂ ಹೋಯಿತಲ್ಲ ಎಂದು ಬ್ಯಾಂಡೇಜ್ ಸುತ್ತಿಕೊಂಡು ಬಂದಳು. ಅದರ ಮೇಲೆ ಸಿದ್ದಮಲ್ಲಪ್ಪನ ಬೈಗುಳ ಬೇರೆ. ಪಟ್ಟಿ ಕಿತ್ತ ಮೇಲೂ ಹಿಡಿಯ ಮೇಲೆ ಗೋಂದು ಉಳಿದಿತ್ತು. ನೊಣ ಹಿಡಿಯೋ ಕಾಗದ ಮಾಡಿಟ್ಟಿದ್ದೀಯಾ ಎಂದು ಗೊಣಗುತ್ತಾ ಅವನೇ ಸೀಮೆಎಣ್ಣೆ ಹಾಕಿ ಉಜ್ಜಿದ.

ಇಷ್ಟಾದ ಮೇಲೆ ಅವಳು ಮಾಡಿದ ಕೆಲಸವನ್ನು ಮೈಸೂರಿನ ಹೊರಗೆ ಯಾರೂ ಮಾಡಲಾರರು. ಕಡ್ಡಿ ಹೊಸೆದು ಬೆಳೆದವಳಿಗೆ ಅಂಟು ಅಂದರೆ ಒಂದೇ, ಜಿಗಟು. ತಾಯಿಯ ಡಬ್ಬದಿಂದ ಚಿಟಿಕೆ ಜಿಗಟು ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಪ್ಯಾಂಟಿನ ಜೇಬಲ್ಲಿ ಇಟ್ಟುಕೊಂಡಳು. ಯಾರಿಗೂ ಹೇಳಲಿಲ್ಲ. ಅಭ್ಯಾಸದ ದಿನ ಸರದಿ ಬಂದಾಗ ಎಂಜಲು ಮುಟ್ಟಿಸಿ ಅಂಗೈಗೆ ಸವರಿಕೊಂಡಳು. ಮೊದಲ ಗುಂಡಿಗೆ ಪಿಸ್ತೂಲು ಕೈಗೆ ಬೇರು ಬಿಟ್ಟ ಹಾಗೆ ನಿಂತಿತಂತೆ. ಎರಡನೆಯದಕ್ಕೂ ಹಾಗೇ. ಆದರೆ ಬಿಸಿಲಿಗೆ ಕೈ ಬೆವರಿತು. ಜಿಗಟಿಗೆ ನೀರು ಹೆಚ್ಚಾದರೆ ಏನಾಗುತ್ತದೆ ಎಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಲೋಳೆ ಆಗುತ್ತದೆ. ಮಣೆಯ ಮೇಲಾದರೆ ಇನ್ನೊಂದು ಹಿಡಿ ಇದ್ದಿಲ ಪುಡಿ ಹಾಕುತ್ತಿದ್ದಳು, ರೇಂಜಿನಲ್ಲಿ ಏನು ಹಾಕುವುದು? ಹೊಸ ಮ್ಯಾಗಜೀನು ಹಾಕಿ ಪಿಸ್ತೂಲಿನ ಜರುಗುವ ಮೇಲ್ಭಾಗವನ್ನು ಅದೇ ಲೋಳೆ ಕೈಯಲ್ಲಿ ಹಿಂದಕ್ಕೆ ಎಳೆದು ಬಿಟ್ಟಳು. ಅಂಟು ಸಂದಿಗೆ ಇಳಿಯಿತು. ಮುಂದಿನ ಗುಂಡಿಗೆ ಮೇಲ್ಭಾಗ ಹಿಂದೆ ಹೋದದ್ದು ಮುಂದೆ ಬರಲೇ ಇಲ್ಲ, ಅರ್ಧಕ್ಕೆ ಸಿಕ್ಕಿಕೊಂಡಿತು. ಅಮರೇಶ್ ಓಡಿ ಬಂದು, ಮೂತಿ ಹಲಗೆಯ ಕಡೆಗೇ ಇರಲಿ ಅಂದು, ಪಿಸ್ತೂಲನ್ನು ಈಸಿಕೊಂಡು ಗುಂಡು ತೆಗೆದ. ತೆಗೆದವನು ಮೂಗು ಅರಳಿಸಿ ಸುತ್ತ ನೋಡಿದ. ಪುಟ್ಟತಾಯಮ್ಮನ ಆ ಡಬ್ಬದಲ್ಲಿ ಎಂದೋ ಗಂಧದ ಎಣ್ಣೆ ಚೆಲ್ಲಿತ್ತು. ಬಿಸಿಯಾದ ಕಬ್ಬಿಣಕ್ಕೆ ತಾಗಿ ಇಡೀ ರೇಂಜು ಶುಕ್ರವಾರದ ದೇವರ ಮನೆಯ ಹಾಗೆ ಘಮ್ಮೆಂದಿತು. ಸಾಲಿನಲ್ಲಿ ನಿಂತಿದ್ದವರು ನಕ್ಕರು. ಪ್ರೇಮಲೀಲಾ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಸರ್ಕಾರಿ ಆಯುಧ ಕೆಡಿಸಿದಳು ಎಂದು ಒಂದು ವರದಿ ಹೋದರೆ ಎರಡನೇ ಅವಕಾಶವೇ ಇರುವುದಿಲ್ಲ.

ಅಮರೇಶ್ ಅವಳನ್ನು ಪಿಸ್ತೂಲಿನ ಜೊತೆ ಸಿದ್ದಮಲ್ಲಪ್ಪನ ಹತ್ತಿರ ಕಳಿಸಿದ. ವರದಿ ಮಾಡುವುದು ಬಿಡುವುದು ಆ ಹಿರಿಯನ ಕೈಯಲ್ಲಿತ್ತು. ಸಿದ್ದಮಲ್ಲಪ್ಪ ಪಿಸ್ತೂಲು ಬಿಚ್ಚಿ, ಬೆರಳಲ್ಲಿ ಅಂಟು ತೆಗೆದು ಮೂಸಿ, ಅವಳ ಮುಖ ನೋಡಿದ.

"ಆಯುಧ ಪೂಜೆ ದಿನ ನಾನೇ ಇವಕ್ಕೆ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗ್ತೀನಿ ಕಣವ್ವ," ಅಂದ. "ನೀನು ಊದಿನಕಡ್ಡಿನೇ ಅರೆದು ಕುಡಿಸ್ಬುಟ್ಟಿದ್ದೀಯಲ್ಲ."

ಅವಳು ಸೊಂಟದ ವಿಷಯ ಹೇಳಿದಳು, ಡಾಕ್ಟರು ಅಂದದ್ದು ಹೇಳಿದಳು, ಬಲಗೈ ಚಾಚಿ ತೋರಿಸಿದಳು. ಸಿದ್ದಮಲ್ಲಪ್ಪ ಆ ಅಂಗೈಯನ್ನು ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ ನೋಡಿದ. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷು, ಒಂದು ಬಟ್ಟಲು ಎಣ್ಣೆ ಅವಳ ಮುಂದೆ ಇಟ್ಟು ಕೂತ್ಕೋ ಅಂದ. ಇಬ್ಬರೂ ನೆಲದ ಮೇಲೆ ಕೂತು ಮಧ್ಯಾಹ್ನದ ತನಕ ಒಂದೊಂದೇ ಭಾಗ ತಿಕ್ಕಿದರು. ಒಪ್ಪವಾದ ಮೇಲೆ ಅವನು ಜೋಡಿಸಿ, ಎಳೆದು ಬಿಟ್ಟು, ಸದ್ದು ಕೇಳಿ ತೃಪ್ತನಾದ. "ಸುತ್ತೋದಾದ್ರೆ ಏನು ಬೇಕಾದ್ರೂ ಸುತ್ತು. ಸಂಜೆಗೆ ಬಿಚ್ಚಿ ಕೊಡು. ಹಚ್ಚೋದು, ಅಂಟಿಸೋದು ಮಾತ್ರ ಇನ್ನೊಂದು ಸಲ ಕಂಡ್ರೆ ನಾನೇ ಬರೀತೀನಿ," ಅಂದ. ಬರೆಯಲಿಲ್ಲ. ಆವತ್ತು ಸಂಜೆ ಲೋಕೇಶನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅವಳು ಇದನ್ನೆಲ್ಲ ನಮಗೆ ಹೇಳಿದಳು. ಬಂದ ಗಂಡಾಂತರ ಬಾಗಿಲ ತನಕ ಬಂದು ತಿರುಗಿ ಹೋದಂತೆ ನಿಟ್ಟುಸಿರು ಬಿಟ್ಟಳು. ಆದರೆ ಪರೀಕ್ಷೆಗೆ ಹಿಡಿತ ಎಲ್ಲಿಂದ ತರುವುದು ಎಂಬುದು ಹಾಗೇ ಉಳಿದಿತ್ತು.

ಆ ಭಾನುವಾರ ನಾನು ಕುಂಬಾರಕೊಪ್ಪಲಿಗೆ ಸಂಘದ ಸಭೆಯ ವಿಷಯ ಹೇಳಲು ಹೋಗಿದ್ದೆ. ಪುಟ್ಟತಾಯಮ್ಮ ಜಗಲಿಯಲ್ಲಿ ಹೊಸೆಯುತ್ತಿದ್ದಳು. ಮಗಳು ಎದುರಿಗೆ ನಿಂತು, ಎರಡೂ ಕೈ ಚಾಚಿ, ಆ ಮರದ ತುಂಡನ್ನು ಹಿಡಿದು ಬೀದಿಯ ತೆಂಗಿನಮರಕ್ಕೆ ಗುರಿ ಇಟ್ಟಿದ್ದಳು. ಬಲಗೈ ತುಂಡನ್ನು ಹಿಡಿದಿತ್ತು, ಎಡಗೈ ಅದರ ಮೇಲೆ ಸುತ್ತಿಕೊಂಡಿತ್ತು. ಪುಟ್ಟತಾಯಮ್ಮ ನನ್ನ ಕಡೆ ತಿರುಗಿ, ಎರಡು ದಿನದಿಂದ ಆ ಮರ ಇವಳಿಗೆ ಏನು ಮಾಡ್ತೋ ಕಾಣೆ, ಕೊಲ್ಲಕ್ಕೆ ನಿಂತವಳೆ ಅಂದಳು. ನಾನು ನಕ್ಕೆ. ಪ್ರೇಮಲೀಲಾ ನಗಲಿಲ್ಲ.

ಮಣೆ ಬಿಟ್ಟು ಏಳದೆಯೇ ಪುಟ್ಟತಾಯಮ್ಮ ಮಸಿ ಮೆತ್ತಿದ ಕೈ ಚಾಚಿ ಆ ತುಂಡನ್ನು ತುದಿ ಹಿಡಿದು ಎಳೆದಳು. ಅದು ಬಾಳೆಹಣ್ಣು ಸಿಪ್ಪೆಯಿಂದ ಬಂದ ಹಾಗೆ ಮಗಳ ಕೈಯಿಂದ ಈಚೆ ಬಂತು.

"ಎಡಗೈ ಸತ್ತೋಗ್ಬುಟ್ಟದಾ ನಿಂದು?" ಅಂದಳು.

"ಬಿಗಿಯಾಗೇ ಹಿಡಿದಿದ್ದೆ ಕಣವ್ವ."

"ಏನ್ ಬಿಗಿ. ಬಲಗೈಯಾದ್ರೂ ತಡೀತು, ಎಡಗೈ ದಾರಿ ಬುಡ್ತು."

ಪ್ರೇಮಲೀಲಾ ತುಂಡನ್ನು ವಾಪಸ್ ಈಸಿಕೊಂಡು ಮತ್ತೆ ಹಿಡಿದಳು. ತಾಯಿ ಮತ್ತೆ ಎಳೆದಳು, ಮತ್ತೆ ಬಂತು. ಆಗ ಅವಳು ಏನು ಕಂಡಳೋ, ಕುಕ್ಕರಗಾಲಲ್ಲಿ ಕೂತು ತಾಯಿಯ ಎಡಗೈಯನ್ನೇ ನೋಡತೊಡಗಿದಳು. ನಾನೂ ನೋಡಿದೆ. ವರ್ಷಗಟ್ಟಲೆ ಈ ಹೆಂಗಸರ ಜೊತೆ ಕೂತಿದ್ದೇನೆ, ಬಲಗೈಯನ್ನು ನೋಡಿದ್ದೇನೆ, ಎಡಗೈಯನ್ನು ಗಮನಿಸಿರಲಿಲ್ಲ. ಎರಡು ಬೆರಳು ಹೆಬ್ಬೆರಳ ನಡುವೆ ಕಡ್ಡಿಯ ತುದಿ ಇತ್ತು. ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಬಲಗೈ ಉರುಳಿಸಿದಾಗ ಕಡ್ಡಿ ಆ ಬೆರಳುಗಳ ಒಳಗೆ ಸಲೀಸಾಗಿ ತಿರುಗಬೇಕು. ಎಡಗೈ ಬಿಗಿಯಾದರೆ ಕಡ್ಡಿ ತಿರುಗುವುದಿಲ್ಲ, ಹಿಟ್ಟು ಕಿತ್ತು ಬರುತ್ತದೆ.

"ಚಿಕ್ಕವಳಿದ್ದಾಗ ಎಡಗೈ ಬಿಗಿ ಹಿಡಿದ್ರೆ ಗೆಣ್ಣಿಗೆ ಹೊಡೀತಿದ್ದೆಯಲ್ಲವ್ವ ನೀನು," ಅಂದಳು ಪ್ರೇಮಲೀಲಾ.

"ಕಡ್ಡಿಗೆ ಅಂದೆ ಕಣೇ. ಕೋವಿಗೆ ಅಂದ್ನಾ?"

ನಮಗೆ ಮೂವರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಪ್ರೇಮಲೀಲಾ ತನ್ನ ಎಡ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಅದು ಮಣೆಯ ಮೇಲೆ ಎಂದೂ ಸವೆದಿರಲಿಲ್ಲ. ಗೆರೆ ಎಲ್ಲ ಹಾಗೇ ಇತ್ತು, ಚರ್ಮ ಒರಟಾಗಿತ್ತು. ಹಾಜರಿ ಯಂತ್ರ ದಿನಾ ಗುರುತು ಹಿಡಿಯುವ ಕೈ ಅದು. ಅಮರೇಶ್ ಹೇಳಿದ ಮಾತು ಅವಳ ಕಿವಿಗೆ ಬಿದ್ದಿತ್ತು, ತಲೆಗೂ ಹೋಗಿತ್ತು, ಕೈಗೆ ಮುಟ್ಟಿರಲಿಲ್ಲ. ಬಿಗಿ ಮಾಡು ಅಂದಾಗಲೆಲ್ಲ ಅವಳ ಎಡಗೈ ಗೆಣ್ಣಿಗೆ ಬಿದ್ದ ಏಟನ್ನು ನೆನೆದು ಕಡ್ಡಿ ಹಿಡಿಯುವಷ್ಟೇ ಬಿಗಿಯಾಗುತ್ತಿತ್ತು.

ಅಲ್ಲಿಂದ ಮುಂದೆ ಅವಳು ಅಂಟು ಹುಡುಕುವುದನ್ನು ಬಿಟ್ಟಳು. ಬೆಳಿಗ್ಗೆ ಕಡ್ಡಿ ಹೊಸೆಯುವುದನ್ನೂ ಪರೀಕ್ಷೆ ಮುಗಿಯುವ ತನಕ ನಿಲ್ಲಿಸಿದಳು. ಆರ್ಡರು ಹಿಂದೆ ಬೀಳ್ತದೆ ಎಂದು ಪುಟ್ಟತಾಯಮ್ಮ ಮೂರು ದಿನ ಮುಖ ಊದಿಸಿಕೊಂಡಿದ್ದಳು, ಆದರೆ ಹೊಸೆಯುತ್ತಾ ಹೊಸೆಯುತ್ತಾ ಹೇಳದೆ ಕೇಳದೆ ಕೈ ಚಾಚಿ ಮರದ ತುಂಡನ್ನು ಎಳೆಯುವುದನ್ನು ಬಿಡಲಿಲ್ಲ. ಮಗಳು ಒದ್ದೆ ಟವೆಲ್ಲುಗಳನ್ನು ಎಡಗೈ ಒಂದರಲ್ಲೇ ಹಿಂಡಿದಳು. ಲೋಕೇಶನ ಅಂಗಡಿಯಲ್ಲಿ ಸೈಕಲ್ಲಿನ ಬ್ರೇಕ್ ಹಿಡಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡೇ ನನ್ನ ಜೊತೆ ಹರಟೆ ಹೊಡೆದಳು. ಮೊದಮೊದಲು ನಾಲ್ಕು ಮಾತಿಗೆ ಕೈ ಸೋಲುತ್ತಿತ್ತು. ಪರೀಕ್ಷೆಯ ವಾರ ಬರುವ ಹೊತ್ತಿಗೆ ಪುಟ್ಟತಾಯಮ್ಮ ಎಳೆದರೆ ತುಂಡಿನ ಜೊತೆ ಮಗಳೂ ಬರುತ್ತಿದ್ದಳು.

ಆದರೂ ಬಲ ಅಂಗೈಗೆ ಏನಾದರೊಂದು ಆಸರೆ ಬೇಕಿತ್ತು. ಸುತ್ತಿ ಬಿಚ್ಚುವಂಥದ್ದು, ತೆಳ್ಳಗಿರುವುದು, ಹಿಡಿಯ ಮೇಲೆ ಅಂಟು ಉಳಿಸದ್ದು. ಇಷ್ಟು ಗೊತ್ತಾದ ಮೇಲೆ ಆಯ್ಕೆ ಕಷ್ಟವಾಗಲಿಲ್ಲ. ಬ್ಯಾಡ್ಮಿಂಟನ್ ರಾಕೆಟ್ಟಿನ ಹಿಡಿಗೆ ಸುತ್ತುವ ಮೆತ್ತನೆಯ ಪಟ್ಟಿ. ಲೋಕೇಶ ತಂದುಕೊಟ್ಟ. ರಾಕೆಟ್ಟಿಗೆ ಸುತ್ತುವ ಹಾಗೆ ಒಂದರ ಮೇಲೊಂದು ಏರಿಸಿ ಸುತ್ತಿದರೆ ಮತ್ತೆ ದಪ್ಪದ ಗೋಳು. ಅವಳು ಪಟ್ಟಿಯ ಅಂಚಿಗೆ ಅಂಚು ತಾಗುವಂತೆ ಒಂದೇ ಪದರ ಸುತ್ತಿದಳು. ತುದಿ ಬಿಚ್ಚದಿರಲು ಲೋಕೇಶ ಟ್ಯೂಬಿನಿಂದ ಬಳೆಯಷ್ಟು ಅಗಲದ ಉಂಗುರ ಕತ್ತರಿಸಿ ಕೊಟ್ಟ. ನಾನು ಅವತ್ತೇ ಹೇಳಲಿಲ್ವಾ, ಟ್ಯೂಬೇ ಬೇಕಾಗ್ತದೆ ಅಂತ, ಎಂದು ಹೆಂಡತಿಗೆ ಚುಚ್ಚಿದ. ಸಿದ್ದಮಲ್ಲಪ್ಪ ಸುತ್ತಿ ನೋಡಿದ, ಬಿಚ್ಚಿ ನೋಡಿದ, ಮೂಸಿಯೂ ನೋಡಿ ಹೂಂ ಅಂದ. ಅಮರೇಶ್ ತನ್ನ ಅಭ್ಯಂತರ ಇಲ್ಲ ಅಂದ.

ಪರೀಕ್ಷೆಯ ದಿನ ನಾನು ಅಲ್ಲಿರಲಿಲ್ಲ, ಇರುವ ಹಾಗೂ ಇಲ್ಲ. ಅವಳು ಹೇಳಿದ್ದನ್ನೇ ಬರೆಯುತ್ತೇನೆ. ನಿಧಾನದ ಸುತ್ತು ಸುಲಭವಾಗಿ ಮುಗಿಯಿತು. ಬೇಗದ ಸುತ್ತಿಗೆ ಸೀಟಿ ಊದಿದಾಗ ಎಡಗೈಯನ್ನು ಗೋಡೆಗೆ ಮೊಳೆ ಹೊಡೆದ ಹಾಗೆ ಬಿಗಿದಳು. ಪಿಸ್ತೂಲು ಒದೆಯಿತು, ಒದ್ದು ಅಲ್ಲಿಗೇ ವಾಪಸ್ ಬಂತು. ಮತ್ತೆ ಒದೆಯಿತು, ಮತ್ತೆ ಅಲ್ಲಿಗೇ ಬಂತು. ಸರಿ ಮಾಡಿ ಹಿಡಿಯುವ ಕೆಲಸ ಬೀಳಲೇ ಇಲ್ಲ. ಒಂದು ಗುಂಡು ಹೊರಗಿನ ಗೆರೆಗೆ ಹೋಯಿತು, ಯಾಕೆ ಹೋಯಿತೋ ಗೊತ್ತಿಲ್ಲ. ಉಳಿದವು ಒಳಗೆ ಕೂತವು. ಸಮಯ ಮುಗಿಯುವ ಮುಂಚೆ ಮ್ಯಾಗಜೀನು ಖಾಲಿ ಆಗಿತ್ತು. ಅಮರೇಶ್ ಹಲಗೆಯ ಹತ್ತಿರ ಹೋಗಿ ನೋಡಿ ಬಂದು ಹೆಬ್ಬೆರಳು ಎತ್ತಿದ. ಅವಳಿಗೆ ಮೊದಲು ಅನಿಸಿದ್ದು ಖುಷಿ ಅಲ್ಲವಂತೆ. ಸೊಂಟದಲ್ಲಿ ಯಾರೋ ಗಂಟು ಬಿಚ್ಚಿದ ಹಾಗಾಯಿತು ಅಂದಳು.

ಇಲವಾಲದಿಂದಲೇ ತಾಯಿಗೆ ಫೋನು ಮಾಡಿದಳು. ಪುಟ್ಟತಾಯಮ್ಮ ಸರಿ ಬುಡು ಅಂದು, ನಾಳೆಯಿಂದ ಹೊಸೆಯಕ್ಕೆ ಬತ್ತೀಯಾ ಎಂದು ಕೇಳಿದಳು. ಫೋನಿಟ್ಟ ಮೇಲೆ ಮಣೆಯ ಮುಂದೆ ಸುಮ್ಮನೆ ಕೂತಿದ್ದಳು, ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಸಂಜೆ ನಾನು ಹೋದಾಗ ಪ್ರೇಮಲೀಲಾ ಯೂನಿಫಾರ್ಮಿನಲ್ಲೇ ನಡುಮನೆಯ ನೆಲದ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಬೇಡ, ಸೊಂಟ ಆಸರೆ ಕಂಡದೆ ಎಂದು ಪುಟ್ಟತಾಯಮ್ಮ ನನ್ನನ್ನು ಹೊರಗೇ ಕೂರಿಸಿ ಕಾಫಿ ಕೊಟ್ಟಳು. ನಿರಾಳವಾಗಿ ಕುಡಿದೆ. ಪ್ರೇಮಲೀಲಾ ಈಗ ನ್ಯಾಯಾಧೀಶರ ಕಾರಿನಲ್ಲಿ ಮುಂದೆ ಕೂರುತ್ತಾಳೆ. ಹೋದ ತಿಂಗಳ ಧರಣಿಯಲ್ಲಿ ನಮ್ಮನ್ನು ಎತ್ತಲು ಬಂದವರಲ್ಲಿ ಅವಳು ಇರಲಿಲ್ಲ. ಪೊಲೀಸಿನವಳೊಬ್ಬಳು ಧರಣಿಗೆ ಬರಲಿಲ್ಲ ಎಂದು ನಾನು ಸಮಾಧಾನ ಪಟ್ಟದ್ದು ಇದೇ ಮೊದಲು.

ಆದರೆ ಬಂದವರಲ್ಲಿ ಲಾಸ್ಯ ಇದ್ದಳು. ಇಪ್ಪತ್ತಾರರ ಹುಡುಗಿ, ಪ್ರೇಮಲೀಲಾಳ ಜೊತೆಗೇ ಪರೀಕ್ಷೆಗೆ ನಿಂತವಳು. ಅವಳ ಅಂಗೈಗೆ ಗೆರೆ ಇದೆ, ಎಡಗೈಗೆ ಬಲ ಇದೆ. ಬೆರಳು ಮಾತ್ರ ಪ್ರೇಮಲೀಲಾಳಿಗಿಂತ ಗಿಡ್ಡ. ಏನು ಸುತ್ತಿದರೂ ಆ ದಪ್ಪ ಹಿಡಿ ತೆಳ್ಳಗಾಗುವುದಿಲ್ಲ. ಎರಡೂ ಸಲ ತಪ್ಪಿ ವಾಪಸ್ ಬಂದೋಬಸ್ತಿಗೆ ಬಂದಿದ್ದಾಳೆ. ನನ್ನನ್ನು ಎತ್ತಲು ಬಗ್ಗಿದಾಗ ಅವಳ ಸೊಂಟ ಇನ್ನೂ ಗಟ್ಟಿಯಾಗಿತ್ತು. ಇನ್ನು ಹತ್ತು ವರ್ಷಕ್ಕೆ ಹಾಗಿರುವುದಿಲ್ಲ.

ಸಿದ್ದಮಲ್ಲಪ್ಪ ಬರುವ ವರ್ಷ ನಿವೃತ್ತಿ. ಅವನ ಜಾಗಕ್ಕೆ ಬರುವವರು ಪಟ್ಟಿ ಸುತ್ತಲು ಬಿಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಒಬ್ಬ ಹಿರಿಯನ ಒಳ್ಳೆಯ ಮನಸ್ಸಿನ ಮೇಲೆ ಹೆಣ್ಣುಮಕ್ಕಳ ಸೊಂಟ ನಿಂತಿರಬಾರದು. ತೆಳ್ಳನೆಯ ಹಿಡಿಯ ಪಿಸ್ತೂಲುಗಳು ಜಗತ್ತಿನಲ್ಲಿ ಇವೆ, ಹಿಡಿಯ ಹಿಂಭಾಗ ಬದಲಾಯಿಸಿ ಕೈಗೆ ತಕ್ಕಂತೆ ಮಾಡಿಕೊಳ್ಳುವಂಥವೂ ಇವೆ. ಕೊಳ್ಳುವವರು ಕೇಳಬೇಕು ಅಷ್ಟೆ. ಇದನ್ನು ಓದುತ್ತಿರುವ ನೀವು ಆಯುಧ ಕೊಳ್ಳುವ ಸಮಿತಿಯಲ್ಲಿ ಇದ್ದರೆ, ಸಹಿ ಹಾಕುವ ಮುಂಚೆ ನಿಮ್ಮ ಠಾಣೆಯ ಅತಿ ಗಿಡ್ಡ ಬೆರಳಿನ ಹೆಣ್ಣುಮಗಳನ್ನು ಕರೆಸಿ ಆ ಪಿಸ್ತೂಲನ್ನು ಅವಳ ಕೈಗೆ ಕೊಟ್ಟು ನೋಡಿ. ಸಮಿತಿಯಲ್ಲಿ ಇಲ್ಲದಿದ್ದರೆ ನಿಮ್ಮ ಶಾಸಕರ ಮನೆ ಬಾಗಿಲಿಗೆ ಹೋಗಿ, ನಮ್ಮೂರಿನ ಹೆಣ್ಣು ಪೊಲೀಸರ ಕೈ ಅಳತೆ ತೆಗೆದವರು ಯಾರು ಎಂದು ಈ ವಾರವೇ ಕೇಳಿ, ಉತ್ತರ ಕೊಡುವ ತನಕ ಅಲ್ಲಿಂದ ಏಳಬೇಡಿ.